ಮೀನುಗಳ ಸಾಲಾವಳಿ

ನಮ್ಮ ಮನೆಗಳಲ್ಲಿ ಮದುವೆಯ ಮಾತು ಬಂದಾಗ ಹಿರಿಯರು ಮೊದಲು ಕೇಳುವ ಪ್ರಶ್ನೆ, ಸಾಲಾವಳಿ ಕೂಡಿಬಂತೆ ಎಂಬುದು. ಜಾತಕಗಳಲ್ಲಿ ನನ್ನ ನಂಬಿಕೆ ಅಷ್ಟಕ್ಕಷ್ಟೆ. ಆದರೂ ಅರವತ್ತು ದಾಟಿದ ಮೇಲೆ ನಾನೂ ಸಾಲಾವಳಿ ನೋಡಲು ಕುಳಿತೆ. ವಧೂವರರಿಗಲ್ಲ, ಕಡಲಿನ ಮೀನುಗಳಿಗೆ. ನೋಡದೆ ಮಾಡಿದ ಮೊದಲ ಸಂಬಂಧ ಒಂದು ಪ್ರಾಣವನ್ನು ತೆಗೆದುಕೊಂಡಿತು. ಈ ಹೊತ್ತು ಕೇಳುಗರ ಮುಂದೆ ಇಡಬೇಕೆಂದಿರುವುದು ಆ ಪ್ರಸಂಗವನ್ನು.

ನಾನು ನಿವೃತ್ತನಾದ ವರ್ಷ ಮಗ ಎರಡೂವರೆ ಅಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ತಂದು ನನ್ನ ಓದುವ ಕೋಣೆಯಲ್ಲಿರಿಸಿದ. ಹಿಡಿಯುವ ನೀರು ಸುಮಾರು 100 ಲೀಟರ್. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಮಿನಷ್ಟು ಲವಣವಿರುವುದರಿಂದ ಮೂರೂವರೆ ಕಿಲೋ ಉಪ್ಪು ಬೇಕಾಯಿತು. ಅಡುಗೆಮನೆಯ ಉಪ್ಪಲ್ಲ, ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವೂ ಬೆರೆತು, ಇದಕ್ಕೆಂದೇ ತಯಾರಾದದ್ದು. ಮೀನಿನ ಮಲದಿಂದ, ಉಳಿದ ಆಹಾರದಿಂದ ಹುಟ್ಟುವ ಅಮೋನಿಯ ವಿಷವನ್ನು ಹಂತಹಂತವಾಗಿ ಶಮನಗೊಳಿಸುವ ಬ್ಯಾಕ್ಟೀರಿಯಗಳು ಕಲ್ಲು ಮರಳುಗಳಲ್ಲಿ ನೆಲೆಗೊಳ್ಳಲು ಒಂದು ಒಂದೂವರೆ ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಬರಿಯ ನೀರನ್ನು ನೋಡುತ್ತ ಕುಳಿತಿರಬೇಕು. ಅಷ್ಟು ತಾಳ್ಮೆ ನನಗಿತ್ತು. ಅದರಿಂದ ಮುಂದಕ್ಕೆ ಬೇಕಾದ ವಿವೇಕ ಇರಲಿಲ್ಲ.

ಎರಡು ಮೀನುಗಳನ್ನು ಕೊಂಡೆ. ಒಂದು ಫೈರ್‌ಫಿಷ್, ಮುಂಭಾಗ ಬಿಳಿ, ಬಾಲದ ಕಡೆ ಕೆಂಪು, ಬೆನ್ನಿನ ಮೇಲೆ ಬಾವುಟದಂತೆ ನಿಂತ ನೀಳವಾದ ರೆಕ್ಕೆ. ಇನ್ನೊಂದು ಡೊಮಿನೊ, ಒಂದೂವರೆ ಅಂಗುಲದ ಕಪ್ಪು ಮರಿ, ಹಣೆಯ ಮೇಲೊಂದು, ಎರಡು ಪಕ್ಕಗಳಲ್ಲಿ ಒಂದೊಂದು ಬಿಳಿಯ ಬೊಟ್ಟು. “ತಗೊಳ್ಳಿ ಸಾರ್, ಗಟ್ಟಿ ಜಾತಿ, ಸಾಯೋದಿಲ್ಲ” ಎಂದ ಅಂಗಡಿಯ ಹುಡುಗ. ಅವನು ಸುಳ್ಳು ಹೇಳಲಿಲ್ಲ. ಅದು ಸಾಯಲಿಲ್ಲ.

ಫೈರ್‌ಫಿಷ್ ಹುಟ್ಟಾ ಪುಕ್ಕಲು ಪ್ರಾಣಿ. ಬಿಲದ ಬಾಯಿಯ ಮೇಲೆ ತೇಲುತ್ತ ನಿಂತು, ಹರಿವು ಹೊತ್ತು ತರುವ ಸೂಕ್ಷ್ಮಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ನೆರಳೊಂದು ಅಲುಗಿದರೆ ಬಿಲ ಸೇರುತ್ತದೆ. ಡೊಮಿನೊ ಮೊದಲ ಸಂಜೆಯೇ ಬಿಲಗಳ ಸಮೇತ ಕಲ್ಲುಗಳೆಲ್ಲವೂ ತನ್ನವೆಂದು ತೀರ್ಮಾನಿಸಿತು. ಎರಡನೆಯ ದಿನ ಫೈರ್‌ಫಿಷ್ ನೀರಿನ ಮೇಲ್ಭಾಗದ ಒಂದು ಮೂಲೆಯಲ್ಲಿ ನಿಂತಿತ್ತು. ನನ್ನನ್ನು ನೋಡಲು ಬಂದಿದೆ ಎಂದುಕೊಂಡೆ! ಮೂರನೆಯ ಬೆಳಿಗ್ಗೆ ಅದು ತೊಟ್ಟಿಯಲ್ಲಿರಲಿಲ್ಲ. ನಿಘಂಟಿನ ಸಂಪುಟಗಳನ್ನಿರಿಸಿದ ಕಪಾಟಿನ ಬುಡದಲ್ಲಿ, ಒಣಮೆಣಸಿನಕಾಯಿಯಂತೆ ಬಿದ್ದಿತ್ತು. ಮುಚ್ಚಳ ಹಾಕದಿದ್ದುದು ಒಂದು ತಪ್ಪು. ಹಾರಲೇಬೇಕಾದ ಸ್ಥಿತಿಯನ್ನು ತಂದಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬರುವ ಮತ್ಸ್ಯನ್ಯಾಯವನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ದಂಡಧರನಿಲ್ಲದ ಕಡೆ ಬಲಿಷ್ಠನು ದುರ್ಬಲನನ್ನು ನುಂಗುತ್ತಾನೆ, ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವಂತೆ. ನನ್ನ ತೊಟ್ಟಿಯಲ್ಲಿ ಯಾರೂ ಯಾರನ್ನೂ ನುಂಗಲಿಲ್ಲ. ಕೊಂದ ಮೀನು ಸತ್ತದ್ದಕ್ಕಿಂತ ಚಿಕ್ಕದು. ಹಾಗೆಂದು ಡೊಮಿನೊವನ್ನು ದುಷ್ಟನೆನ್ನಲಾರೆ. ಹವಳದ ದಿಬ್ಬಗಳಲ್ಲಿ ಅದು ಅಟ್ಟಿದರೆ ಇನ್ನೊಂದು ಮೀನು ನಾಲ್ಕು ಮಾರು ದೂರ ಓಡುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ಎರಡೂವರೆ ಅಡಿಯ ಗಾಜಿನೊಳಗೆ ಆ ನಾಲ್ಕು ಮಾರು ಎಲ್ಲಿಂದ ಬರಬೇಕು?

ಕೆಲವು ವರ್ಷ ನಾನು ವಿದ್ಯಾರ್ಥಿನಿಲಯದ ವಾರ್ಡನ್ ಆಗಿದ್ದೆ. ಅಂಕಪಟ್ಟಿ ನೋಡಿ ಕೋಣೆಗಳನ್ನು ಹಂಚುತ್ತಿದ್ದೆ. ನ್ಯಾಯವಾದ ಕ್ರಮವೆಂದು ನನಗೆ ಹೆಮ್ಮೆ. ಒಬ್ಬ ಹುಡುಗ ನಡುವರ್ಷದಲ್ಲಿ ಹಾಸಿಗೆ ಸುತ್ತಿಕೊಂಡು ಹೊರಟುಬಿಟ್ಟ. ಕಾರಣ ಕೇಳಿದರೆ ಊರಿನ ನೆನಪು ಎಂದ. ನಾನು ನಂಬಿ ಕಳುಹಿಸಿಕೊಟ್ಟೆ. ಕಪಾಟಿನ ಬುಡವನ್ನು ಒರೆಸುತ್ತಿದ್ದಾಗ ಅವನ ಮುಖ ಕಣ್ಣ ಮುಂದೆ ಬಂದಿತು.

ಡೊಮಿನೊವನ್ನು ಹಿಡಿಯಲು ಕಲ್ಲುಗಳನ್ನೆಲ್ಲ ಹೊರತೆಗೆಯಬೇಕಾಯಿತು. ಅದನ್ನು ಅಂಗಡಿಗೆ ಹಿಂದಿರುಗಿಸಿದ ಮೇಲೆಯೇ ನಾನು ಓದಲು ತೊಡಗಿದ್ದು. ಬೆಳೆದರೆ ಅದು ಐದು ಅಂಗುಲ ಮೀರುತ್ತದೆ, ಬೆಳೆದಂತೆ ಮುಂಗೋಪವೂ ಬೆಳೆಯುತ್ತದೆ ಎಂದು ಆಗ ತಿಳಿಯಿತು. ಸಾಧುಗಳನ್ನು ಮೊದಲು ಬಿಡಬೇಕು, ಜೋರಿನವರನ್ನು ಕೊನೆಗೆ. ಮೊದಲು ಬಂದವರು ನೆಲದ ಒಡೆಯರಾಗುತ್ತಾರೆ. ಆಕಾರ, ಬಣ್ಣ, ಆಹಾರಗಳಲ್ಲಿ ತನ್ನನ್ನು ಹೋಲುವ ಮೀನಿನ ಮೇಲೆಯೇ ಮೀನಿಗೆ ಹೆಚ್ಚಿನ ದ್ವೇಷ, ಏಕೆಂದರೆ ಇಬ್ಬರಿಗೂ ಬೇಕಾದದ್ದು ಒಂದೇ ಬಿಲ, ಒಂದೇ ತುತ್ತು. ಒಂದೇ ಕಾವ್ಯದ ಮೇಲೆ ಕೆಲಸ ಮಾಡಿದ ಇಬ್ಬರು ವಿದ್ವಾಂಸರನ್ನು ಬಲ್ಲವರಿಗೆ ಇದು ಹೊಸದಲ್ಲ.

ಕೆಲವನ್ನು ನೋಡಿ ಕೈಮುಗಿಯಬೇಕು. ಚಲನಚಿತ್ರದಿಂದ ಮಕ್ಕಳಿಗೆ ಪರಿಚಿತವಾದ ನೀಲಿಯ ಟ್ಯಾಂಗ್ ಒಂದಡಿ ಬೆಳೆಯುತ್ತದೆ. ಲಯನ್‌ಫಿಷ್ ಬಾಯಿಗೆ ಹಿಡಿಸುವುದನ್ನೆಲ್ಲ ನುಂಗುತ್ತದೆ. ರೇಷ್ಮೆಯ ಕಸೂತಿಯಂತಿರುವ ಮ್ಯಾಂಡರಿನ್ ಯಾರ ತಂಟೆಗೂ ಹೋಗದು. ಆದರೆ ಸಜೀವ ಕ್ಷುದ್ರಜೀವಿಗಳನ್ನು ದಿನವಿಡೀ ತಿನ್ನಬೇಕಾದ ಅದು ಚಿಕ್ಕ ತೊಟ್ಟಿಯಲ್ಲಿ ಸದ್ದಿಲ್ಲದೆ ಹಸಿದು ಸಾಯುತ್ತದೆ. ನಮ್ಮ ಕಡಲಿನ ಕಡಲಕುದುರೆಯನ್ನು ಹಿಡಿಯುವುದು, ಮಾರುವುದು 2001 ರಿಂದ ವನ್ಯಜೀವಿ ಕಾನೂನಿನಂತೆ ಅಪರಾಧ.

ಸಾಲಾವಳಿ ಕೂಡಿದ್ದು ಇವಕ್ಕೆ: ಎರಡು ಕ್ಲೌನ್ ಮೀನು, ಒಂದು ಹಳದಿ ಗೋಬಿ, ಅದರ ಜೊತೆಗೊಂದು ಪಿಸ್ತೂಲ್ ಸೀಗಡಿ. (ಹೂಕೋಸಿನ ಗೋಬಿಯಲ್ಲ ಎಂದು ನನ್ನ ಶ್ರೀಮತಿಗೇ ಹೇಳಬೇಕಾಯಿತು.) ಕ್ಲೌನ್ ಕೂಡ ಡೊಮಿನೊ ಕುಟುಂಬದ್ದೇ. ಆದರೆ ಕಡಲಿನಲ್ಲಿ ತನ್ನ ಅನಿಮೋನಿನ ಮಡಿಲು ಬಿಟ್ಟು ದೂರ ಹೋಗದ ಜೀವವಾದ್ದರಿಂದ ಕಿರಿದು ಜಾಗಕ್ಕೆ ಒಗ್ಗುತ್ತದೆ, ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮರಿಗಳೂ ಸಿಗುತ್ತವೆ. ಇವೆಲ್ಲ ಮೊದಲು ಗಂಡು. ಗುಂಪಿನ ದೊಡ್ಡದು ಹೆಣ್ಣಾಗುತ್ತದೆ. ಆದುದರಿಂದ ಗಾತ್ರದಲ್ಲಿ ಅಂತರವಿರುವ ಎರಡು ಮರಿಗಳನ್ನು ತಂದರೆ ದಾಂಪತ್ಯ ತಾನಾಗಿ ಏರ್ಪಡುತ್ತದೆ. ಮೂರನೆಯದಕ್ಕೆ ಅಲ್ಲಿ ಬಾಳಿಲ್ಲ.

ಗೋಬಿ ಮತ್ತು ಸೀಗಡಿಯ ಸಖ್ಯದ ಮುಂದೆ ಗಂಟೆಗಟ್ಟಲೆ ಕುಳಿತಿದ್ದೇನೆ. ಸೀಗಡಿಗೆ ಕಣ್ಣು ಮಂದ; ಬಿಲ ತೋಡುವುದರಲ್ಲಿ ನಿಪುಣ. ಗೋಬಿಗೆ ತೋಡಲು ಬಾರದು, ನೋಟ ಚುರುಕು. ಸೀಗಡಿ ಮರಳು ಹೊತ್ತು ಹೊರಬಂದಾಗ ತನ್ನ ಮೀಸೆಯೊಂದನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಕಂಡರೆ ಗೋಬಿ ಬಾಲವನ್ನು ಅದುರಿಸುತ್ತದೆ, ಇಬ್ಬರೂ ಒಳಗೆ.

ಕಳೆದ ತಿಂಗಳು ಮೊಮ್ಮಗಳು ಕೇಳಿದಳು: “ತಾತ, ಆ ಕೆಂಪು ಬಾಲದ ಮೀನು ಮತ್ತೆ ತರೋದಿಲ್ವಾ?” ಎರಡು ವಾರ ಹಿಂದೆಮುಂದೆ ನೋಡಿ ತಂದೆ. ತೊಟ್ಟಿಯ ಮೇಲೆ ಸಣ್ಣ ಕಣ್ಣಿನ ಬಲೆ ಬಿಗಿದೆ. ಹಳಬರು ತಮ್ಮ ಗಡಿಗಳನ್ನು ಮರೆಯಲೆಂದು, ಗೋಬಿಯ ಬಿಲವೊಂದನ್ನು ಬಿಟ್ಟು ಉಳಿದ ಕಲ್ಲುಗಳ ಸ್ಥಾನ ಬದಲಿಸಿದೆ. ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿ ಅದನ್ನು ನಾಲ್ಕು ದಿನ ನೀರಿನೊಳಗೇ ಇರಿಸಿ, ಹಳಬರ ಹೊಟ್ಟೆ ತುಂಬಿಸಿ, ದೀಪವಾರಿಸಿ ಹೊರಬಿಟ್ಟೆ. ಈ ಭಾಷಣ ಬರೆಯಲು ಕುಳಿತ ಬೆಳಿಗ್ಗೆ ಹೆಣ್ಣು ಕ್ಲೌನ್ ಅದರ ಬಿಲದವರೆಗೆ ಹೋಗಿ, ಒಂದು ಗಳಿಗೆ ನೋಡಿ, ಹಿಂದಿರುಗಿತು. ಅದು ಹಿಂದಿರುಗಿದ ಮೇಲೆ ಕಲ್ಲಿನ ಸಂದಿಯಿಂದ ಬಾವುಟದ ತುದಿಯಷ್ಟು ಹೊರಗೆ ಕಾಣಿಸಿತು.