ಮಗುವನ್ನು ಯಾವ ವ್ಯಾಯಾಮಶಾಲೆಗೆ ಕಳುಹಿಸಬೇಕು?

(ಶತಮಾನೋತ್ಸವದ ಪಾಲಕರ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಾಡು, ನುಡಿ, ಇತಿಹಾಸಗಳನ್ನು ಕುರಿತು ಘನವಾದ ಮಾತುಗಳು ನಡೆದಿವೆ. ದೈಹಿಕ ಶಿಕ್ಷಣ ವಿಭಾಗದವರಾದ ನಮಗೆ ಒಪ್ಪಿಸಿರುವ ವಿಷಯ ಅವುಗಳಿಗಿಂತ ಚಿಕ್ಕದು. ಜಿಮ್ನಾಸ್ಟಿಕ್ಸ್ ಅಥವಾ ಮಲ್ಲಕಂಬ ಕಲಿಯುವೆನೆಂದು ಹಟ ಹಿಡಿದ ಮಗುವನ್ನು ಎಲ್ಲಿಗೆ ಸೇರಿಸಬೇಕು? ಪ್ರತಿವರ್ಷ ಜೂನ್ ತಿಂಗಳಲ್ಲಿ ಪಾಲಕರು ನಮ್ಮನ್ನು ಕೇಳುವ ಪ್ರಶ್ನೆಯಿದು.

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಗೆ ಇದು ಹೊಸ ವಿದ್ಯೆಯಲ್ಲ. ಗರಡಿಯ ಕೆಮ್ಮಣ್ಣು ನಮ್ಮ ಹಿರಿಯರ ಮೈಗೆ ಅಂಟಿದ್ದೇ ಆಗಿದೆ. ಒಂದು ಕಾಲಕ್ಕೆ ಈ ನೆಲವನ್ನೂ ಆಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೇ ಮಲ್ಲರ ಕಂಬದ ಉಲ್ಲೇಖವಿದೆಯೆಂದು ಈ ಕಲೆಯ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಪೇಶ್ವೆ ಎರಡನೆಯ ಬಾಜೀರಾಯನ ಕಾಲದಲ್ಲಿ ಬಾಳಂಭಟ್ಟ ದೇವಧರರು ಅದಕ್ಕೆ ಮರುಜೀವ ಕೊಟ್ಟರು. ಹರಳೆಣ್ಣೆ ಹಚ್ಚಿದ ಆ ಕಂಬವನ್ನು ಹುಡುಗರೂ, ಹಗ್ಗದ ಮಲ್ಲಕಂಬವನ್ನು ಹುಡುಗಿಯರೂ ಏರುವುದನ್ನು ನೀವೆಲ್ಲ ಕಂಡಿದ್ದೀರಿ. ಆದುದರಿಂದ ಕಲಿಸುವ ತಾಣಗಳಿಗೆ ನಮ್ಮಲ್ಲಿ ಕೊರತೆಯಿಲ್ಲ, ಆಯ್ಕೆಯೇ ತೊಡಕು.

ಪಾಲಕರು ಸಾಮಾನ್ಯವಾಗಿ ಮೊದಲು ನೋಡುವುದು ಗೋಡೆಯ ಮೇಲಿನ ಪದಕಗಳನ್ನು. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಪದಕವನ್ನು ತಂದವರು ಒಬ್ಬಿಬ್ಬರು, ನಡುವೆ ಬಿಟ್ಟುಹೋದವರೆಷ್ಟು ಎಂಬುದನ್ನು ಗೋಡೆ ಹೇಳುವುದಿಲ್ಲ. 2016ರ ರಿಯೋ ಒಲಿಂಪಿಕ್ಸಿನಲ್ಲಿ ತ್ರಿಪುರಾದ ದೀಪಾ ಕರ್ಮಾಕರ್ ವಾಲ್ಟ್ ಸ್ಪರ್ಧೆಯಲ್ಲಿ ಕೇವಲ 0.150 ಅಂಕದಿಂದ ಕಂಚು ತಪ್ಪಿಸಿಕೊಂಡು ನಾಲ್ಕನೆಯವರಾದರು. ಆ ಬಳಿಕ ನಮ್ಮ ಬಳಿಗೆ ಬಂದ ಕೆಲವು ತಂದೆತಾಯಿಗಳು ಮೊದಲ ತಿಂಗಳಲ್ಲಿಯೇ ಗಾಳಿಯಲ್ಲಿ ಲಾಗ ಹಾಕಿಸಬೇಕೆಂದು ಬಯಸಿದರು. ಆರರ ಪ್ರಾಯದ ಸುಮಾರಿಗೆ ಕಲಿಕೆಗೆ ತೊಡಗಿದ ಆಕೆಗೆ ರಿಯೋದಲ್ಲಿ 23 ವರ್ಷ. ನಡುವಣ ಆ ವರ್ಷಗಳು ಹೋದದ್ದು ಅಭ್ಯಾಸಕ್ಕೆ.

ಆದುದರಿಂದ ಒಂದು ಸಂಜೆ ಮುನ್ಸೂಚನೆಯಿಲ್ಲದೆ ಹೋಗಿ, ಮೂಲೆಯಲ್ಲಿ ಕುಳಿತು ನೋಡಿರಿ. ಬೀಳುವುದನ್ನು ಕಲಿಸುತ್ತಿರುವರೇ? ಕೈಯನ್ನು ನೇರವಾಗಿ ಚಾಚಿ ನೆಲಕ್ಕೆ ಊರಿದ ಮಗುವಿನ ಮಣಿಕಟ್ಟೋ ಮೊಳಕೈಯೋ ಮುರಿಯುತ್ತದೆ. ಮೊಣಕಾಲು ಮಡಿಸಿ, ಗಲ್ಲವನ್ನು ಎದೆಗೆ ಒತ್ತಿ ಉರುಳಿದ ಮಗು ನಗುತ್ತ ಏಳುತ್ತದೆ. ಹಾಸುಗೆಗಳ ನಡುವೆ ಸಂದುಗಳಿವೆಯೇ, ಗೋಡೆ ಎಷ್ಟು ದೂರ, ಹೊಸ ಪಟ್ಟನ್ನು ಯತ್ನಿಸುವ ಮಗುವಿನ ಪಕ್ಕದಲ್ಲಿ ಆಧಾರಕ್ಕೆ ಯಾರು ನಿಂತಿದ್ದಾರೆ — ಶಿಕ್ಷಕರೋ, ಇನ್ನೊಂದು ಮಗುವೋ? ಮೈ ಬಗ್ಗಲಿ ಎಂದು ಅಳುತ್ತಿರುವ ಮಗುವಿನ ಬೆನ್ನಿನ ಮೇಲೆ ಕುಳಿತು ಒತ್ತುವ ತಾಣವಾಗಿದ್ದರೆ, ಅಲ್ಲಿ ಎಷ್ಟು ಪದಕಗಳಿದ್ದರೂ ಎದ್ದು ಬನ್ನಿರಿ. ಬೆಳೆಯುವ ಎಲುಬಿನ ತುದಿಗಳು ಇನ್ನೂ ಎಳಸಾಗಿರುತ್ತವೆ. ಮಣಿಕಟ್ಟಿನ, ಸೊಂಟದ ಬಿಡದ ನೋವನ್ನು ‘ರೂಢಿಯಾಗುತ್ತದೆ’ ಎಂದು ತಳ್ಳಿಹಾಕುವವರಿಗೆ ಈ ಸಂಗತಿ ತಿಳಿದಿಲ್ಲವೆಂದೇ ಅರ್ಥ. ಶಿಕ್ಷಕರ ತರಬೇತಿಯನ್ನೂ ವಿಚಾರಿಸಿರಿ. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಉಳ್ಳವರು ಅದನ್ನು ಸಂತೋಷದಿಂದಲೇ ತೋರಿಸುತ್ತಾರೆ.

ವಯಸ್ಸಿನ ವಿಷಯದಲ್ಲಿ ಅವಸರ ಬೇಡ. ಐದಾರು ವರ್ಷದ ಮಗುವಿಗೆ ಉರುಳುವುದು, ಜೋಲಾಡುವುದು, ಒಂಟಿಗಾಲಲ್ಲಿ ನಿಲ್ಲುವುದು ಇಷ್ಟು ಸಾಕು. 1976ರ ಮಾಂಟ್ರಿಯಲ್‌ನಲ್ಲಿ ಪೂರ್ಣ 10 ಅಂಕ ಪಡೆದಾಗ ನಾದಿಯಾ ಕೊಮನೇಚಿಗೆ 14 ವರ್ಷ. 1997ರಿಂದ ಅಂತರರಾಷ್ಟ್ರೀಯ ಒಕ್ಕೂಟವೇ ಹಿರಿಯರ ಸ್ಪರ್ಧೆಗೆ ಹುಡುಗಿಯರ ಕನಿಷ್ಠ ವಯಸ್ಸನ್ನು 16ಕ್ಕೆ ಏರಿಸಿತು. ಒಕ್ಕೂಟವೇ ಕಾಯುವಾಗ ನಾವೇಕೆ ಓಡಬೇಕು?

ಈಗ ಹೇಳುವ ಮಾತನ್ನು ಬೇರೆ ಊರಿನಲ್ಲಾದರೆ ಹೇಳಬೇಕಾಗಿರಲಿಲ್ಲವೋ ಏನೋ. ನಮ್ಮ ಮಕ್ಕಳು ಮನೆಯಲ್ಲಿ, ತರಗತಿಯಲ್ಲಿ ಕನ್ನಡದವರು. ವ್ಯಾಯಾಮಶಾಲೆಯ ಹೊಸ್ತಿಲು ದಾಟಿದೊಡನೆ ಮರಾಠಿಯೋ ಹಿಂದಿಯೋ ಆಗಬೇಕು. ಬಯಲಿನಲ್ಲಿ ಆಡಿಕೊಂಡು ಮರಾಠಿ ಕಲಿಯುವುದು ಅವರಿಗೆ ಕಷ್ಟವಲ್ಲ, ಮರಾಠಿ ಶಿಕ್ಷಕರಲ್ಲಿ ನಮ್ಮ ಮಕ್ಕಳನ್ನು ಸ್ವಂತದವರಂತೆ ಕಂಡವರೂ ಬಹಳ. ಆದರೂ ತಲೆಕೆಳಗಾಗಿ ನೇತಾಡುವ ಎಂಟು ವರ್ಷದ ಹುಡುಗಿಗೆ ಹೆದರಿಕೆಯಾದಾಗ ಬಾಯಿಗೆ ಬರುವುದು ತಾಯ್ನುಡಿ. ‘ಬ್ಯಾಡ್ರಿ, ಕೈ ಜಾರಾಕತ್ತದ’ ಎಂಬ ಮಾತನ್ನು ತಿಳಿಯಬಲ್ಲವರು ಒಬ್ಬರಾದರೂ ಅಲ್ಲಿರಬೇಕು. ಇಲ್ಲವಾದರೆ ‘ನಿಲ್ಲಿಸಿ’ ಎಂಬುದಕ್ಕೆ ಒಂದು ಸನ್ನೆಯನ್ನಾದರೂ ಮೊದಲ ದಿನವೇ ಗೊತ್ತುಮಾಡಿಸಿಕೊಳ್ಳಿರಿ. ನಾವು ಕೆಲವು ಶಿಕ್ಷಕರಿಗೆ ‘ನೋವು’, ‘ಹೆದರಿಕೆ’, ‘ಸಾಕು’, ‘ಬಿಡಿ’ ಎಂಬ ನಾಲ್ಕು ಶಬ್ದಗಳನ್ನು ಬರೆದುಕೊಟ್ಟೆವು. ಅವರು ಅದನ್ನು ಅಪಮಾನವೆಂದು ತಿಳಿಯದೆ ಕಲಿತುಕೊಂಡರು.

ಹೆದರಿಕೆ ಎಂದರೆ ಹೇಡಿತನವಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ, ಗಾಳಿಯಲ್ಲಿ ತನ್ನ ಮೈ ಎಲ್ಲಿದೆಯೆಂಬ ಅರಿವೇ ತಪ್ಪಿದಾಗ ಸಿಮೋನ್ ಬೈಲ್ಸ್ ತಂಡದ ಅಂತಿಮ ಸ್ಪರ್ಧೆಯಿಂದ ಹಿಂದೆ ಸರಿದರು. ಜಗತ್ತಿನ ಅಗ್ರಗಣ್ಯಳಿಗೆ ಇರುವ ಆ ಹಕ್ಕು ನಮ್ಮ ಮೂರನೆಯ ಇಯತ್ತೆಯ ಹುಡುಗಿಗೂ ಇರಬೇಕು.

ಇನ್ನೊಂದು ಮಾತು ಹೇಳಲು ಸಂಕೋಚ, ಆದರೂ ಹೇಳದಿರಲಾಗದು. ಈ ವಿದ್ಯೆಯಲ್ಲಿ ಶಿಕ್ಷಕರು ಮಗುವನ್ನು ಮುಟ್ಟಿ ಹಿಡಿಯಲೇಬೇಕು. ಎಲ್ಲಿ ಹಿಡಿಯುತ್ತೇವೆ, ಏಕೆ ಹಿಡಿಯುತ್ತೇವೆ ಎಂದು ಮೊದಲೇ ಬಾಯಿಬಿಟ್ಟು ಹೇಳುವವರು ಒಳ್ಳೆಯ ಶಿಕ್ಷಕರು. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್‌ನ ಮೇಲೆ 2018ರ ಜನವರಿಯಲ್ಲಿ ನ್ಯಾಯಾಲಯದಲ್ಲಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳ ಹೇಳಿಕೆಗಳು ದಾಖಲಾದವು. ಕೆಲವರ ಮೇಲಿನ ದುರ್ವರ್ತನೆ ತಾಯಿ ಅದೇ ಕೋಣೆಯಲ್ಲಿರುವಾಗಲೇ, ಚಿಕಿತ್ಸೆಯ ಹೆಸರಿನಲ್ಲಿ ನಡೆದಿತ್ತು. ಅಂದಮೇಲೆ ಪಾಲಕರು ಕುಳಿತು ನೋಡುವ ಅವಕಾಶವಿರುವುದು ಅವಶ್ಯ, ಆದರೆ ಅಷ್ಟೇ ಸಾಲದು. ಮಗುವಿಗೆ ಮೈಯ ಅಂಗಗಳ ಹೆಸರುಗಳನ್ನು ನಾಚಿಕೆಯಿಲ್ಲದೆ ಕನ್ನಡದಲ್ಲಿ ಕಲಿಸಿರಿ. ಹೆಸರೇ ಇಲ್ಲದ ಸಂಗತಿಯನ್ನು ಅದು ಮನೆಗೆ ಬಂದು ಹೇಗೆ ಹೇಳೀತು? 2012ರ ಪೋಕ್ಸೊ ಕಾಯಿದೆಯ ಪ್ರಕಾರ ಇಂಥ ಅಪರಾಧ ತಿಳಿದವರು ವರದಿ ಮಾಡಲೇಬೇಕು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಸಂಸ್ಥೆಯ ಮರ್ಯಾದೆಗಾಗಿ ಮುಚ್ಚಿಡುವುದು ಕಾಯಿದೆಯ ಕಣ್ಣಿನಲ್ಲಿ ಮರ್ಯಾದೆಯಲ್ಲ.

ಹುಡುಗಿಯರ ತೂಕವನ್ನು ಎಲ್ಲರೆದುರು ಅಳೆದು ಹಂಗಿಸುವ ಕಡೆಗೂ ಕಳುಹಿಸಬೇಡಿರಿ. ರೊಟ್ಟಿ ಬಿಡಿಸಿ ಹೆಚ್ಚು ಹಾರಿಸಿದರೆ ಎಲುಬು ಸೊರಗುತ್ತದೆ, ಮುಟ್ಟು ನಿಂತೀತು. ಅದು ಶಿಸ್ತಲ್ಲ, ವೈದ್ಯರಿಗೆ ತೋರಿಸಬೇಕಾದ ಲಕ್ಷಣ.

ಶುಲ್ಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲು ಒಂದು ತಿಂಗಳಿನದನ್ನು ಮಾತ್ರ ಕಟ್ಟಿರಿ. ಆ ತಿಂಗಳು ಮುಗಿದ ಮೇಲೆ ಮಗುವನ್ನು ‘ಏನು ಕಲಿತೆ’ ಎಂದು ಕೇಳುವುದಕ್ಕೆ ಮೊದಲು ‘ಇಂದು ಯಾವುದನ್ನು ಒಲ್ಲೆನೆಂದೆ, ಆಗ ಅವರು ಏನೆಂದರು’ ಎಂದು ಕೇಳಿರಿ. ಉತ್ತರ ಬಂದ ಮೇಲೆ ಮುಂದಿನ ತಿಂಗಳಿನದನ್ನು ಕಟ್ಟಿದರಾಯಿತು.