ಸೈಕಲ್ ಮತ್ತು ಇಳಿಜಾರು
(ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯಲ್ಲಿ ನಡೆದ ಉಚಿತ ಸೈಕಲ್ ರಿಪೇರಿ ಕಮ್ಮಟದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ನನಗೆ ಭಾಷಣ ಬರುವುದಿಲ್ಲ, ಪಂಕ್ಚರ್ ಹಾಕಲು ಬರುತ್ತದೆ. ಅದನ್ನೇ ಹೇಳಿಕೊಡುವುದಾದರೆ ಬರುತ್ತೇನೆ ಎಂದು ಹೆಡ್‌ಮಾಸ್ತರಿಗೆ ಮೊದಲೇ ಹೇಳಿದ್ದೆ.

2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಆದರೆ ಕಳಸ, ಮೂಡಿಗೆರೆ ಕಡೆ ಸೈಕಲ್ಲಿನ ಕಥೆಯೇ ಬೇರೆ. ಏರಿನಲ್ಲಿ ನಾವು ಅದನ್ನು ತಳ್ಳಬೇಕು, ಇಳಿಜಾರಿನಲ್ಲಿ ಅದು ನಮ್ಮನ್ನು ಎಳೆದೊಯ್ಯುತ್ತದೆ. ಎಸ್ಟೇಟ್ ಲೈನಿನ ಮನೆಗಳ ಹಿಂದೆ, ಸೌದೆ ರಾಶಿಯ ಪಕ್ಕ ತುಕ್ಕು ಹಿಡಿಯುತ್ತ ನಿಂತ ಎಷ್ಟೋ ಸೈಕಲ್ಲುಗಳನ್ನು ಬಿಚ್ಚಿ ನೋಡಿದ್ದೇನೆ. ಹೆಚ್ಚಿನವಕ್ಕೆ ದೊಡ್ಡ ರೋಗವೇನಿಲ್ಲ. ವಾಲ್ ಟ್ಯೂಬ್ ಹರಿದಿರುತ್ತದೆ, ಅಷ್ಟೆ. ರಿಪೇರಿ ಅಂಗಡಿ ಪೇಟೆಯಲ್ಲಿ. ಅಲ್ಲಿಗೆ ಒಯ್ಯಲು ಜೀಪಿಗೆ ಕೊಡುವ ದುಡ್ಡು ರಿಪೇರಿಗಿಂತ ಹೆಚ್ಚು.

ನಾನು ಒಂಬತ್ತನೆಯಲ್ಲಿದ್ದಾಗ ಒಂದು ಸಂಜೆ, ಸಣ್ಣ ಮಳೆ. ತಂಗಿ ಕ್ಯಾರಿಯರ್ ಮೇಲಿದ್ದಳು. ಬ್ರೇಕ್ ರಬ್ಬರ್ ಸವೆದಿದ್ದು ನನಗೆ ಗೊತ್ತಿತ್ತು, ಬದಲಿಸುವುದು ಗೊತ್ತಿರಲಿಲ್ಲ. ತಿರುವಿನಲ್ಲಿ ಸೈಕಲ್ ನಿಲ್ಲಲಿಲ್ಲ, ಚರಂಡಿಗೆ ಬಿದ್ದೆವು. ನನಗೆ ಮೊಣಕಾಲು ತರಚಿತು. ಅವಳ ಕೈ ಮುರಿಯಿತು. ಕಾಫಿ ಕೊಯ್ಲಿನ ದಿನಗಳು. ಅಮ್ಮ ಹಾಜರಿ ಬಿಟ್ಟು ಅವಳ ಜೊತೆ ಆಸ್ಪತ್ರೆಗೆ ಓಡಾಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ರಜೆಯಲ್ಲಿ ಸೈಕಲ್ ಅಂಗಡಿಯ ಅಣ್ಣನ ಹತ್ತಿರ ಹೋಗಿ ಕೂತೆ. ಆತ ಕಾಸು ಕೇಳದೆ ಎಲ್ಲ ಕಲಿಸಿದ.

ಬ್ರೇಕಿನ ವಿಷಯ ಮೊದಲು. ಒದ್ದೆ ಸ್ಟೀಲ್ ರಿಮ್ಮಿನ ಮೇಲೆ ರಬ್ಬರ್ ತಕ್ಷಣ ಹಿಡಿಯುವುದಿಲ್ಲ. ಇಳಿಜಾರು ಶುರುವಾಗುವ ಮೊದಲೇ ಮೆಲ್ಲಗೆ ಅದುಮಿ ನೀರು ಒರೆಸಿಕೊಳ್ಳಿ. ಬ್ರೇಕ್ ಕಿರುಗುಟ್ಟುತ್ತದೆ ಎಂದು ರಿಮ್ಮಿಗೆ ಎಣ್ಣೆ ಬಿಟ್ಟ ಮಹಾನುಭಾವರೂ ನಮ್ಮೂರಲ್ಲಿದ್ದಾರೆ, ಹೆಸರು ಬೇಡ. ಎಣ್ಣೆ ಚೈನಿಗೆ ಮಾತ್ರ.

ಪಂಕ್ಚರ್ ಹಾಕುವಾಗ ಟ್ಯೂಬ್ ಪೂರ್ತಿ ಒಣಗಿರಬೇಕು, ಉಜ್ಜಿ ಒರಟು ಮಾಡಿರಬೇಕು. ಸೊಲ್ಯೂಷನ್ ಹಚ್ಚಿದ ಮೇಲೆ ಕಾಯಬೇಕು. ಜುಲೈ ತಿಂಗಳಲ್ಲಿ ನಮ್ಮಲ್ಲಿ ಏನೂ ಒಣಗುವುದಿಲ್ಲ, ನಿಜ. ಆದರೂ ಒಲೆಯ ಹತ್ತಿರ ಹಿಡಿಯಬೇಡಿ, ಸೊಲ್ಯೂಷನ್‌ಗೆ ಬೆಂಕಿ ಹತ್ತುತ್ತದೆ. ಟ್ಯೂಬ್ ಸೇರಿಸುವ ಮೊದಲು ಟಯರಿನ ಒಳಗೆ ಬೆರಳಾಡಿಸಿ ಮುಳ್ಳು ಹುಡುಕಿ. ಹುಡುಕದಿದ್ದರೆ ನಾಳೆ ಮತ್ತೆ ಇದೇ ಕೆಲಸ.

ಇನ್ನು ಸೈಕಲ್ ಸ್ಟ್ಯಾಂಡಿನ ಹತ್ತಿರ ಹೋಗೋಣ. ಹುಡುಗಿಯರು ಹಿಂದೆ ನಿಲ್ಲಬೇಡಿ. ವೀಲಿನ ಔಟ್ ತೆಗೆಯುವುದನ್ನು ಇವತ್ತು ತೋರಿಸುವವಳು ನನ್ನ ತಂಗಿ. ಪಾನ, ಪಂಪು ಎಲ್ಲ ಅವಳ ಚೀಲದಲ್ಲೇ ಇವೆ.