ನಿರೀಕ್ಷೆ ಎಂಬ ಮಾತು

ಕನ್ನಡದಲ್ಲಿ ‘ಆಸೆ’ ಎಂಬ ಮಾತಿದೆ, ‘ನಿರೀಕ್ಷೆ’ ಎಂಬ ಮಾತೂ ಇದೆ. ದಿನಬಳಕೆಯಲ್ಲಿ ನಾವು ಒಂದರ ಬದಲು ಇನ್ನೊಂದನ್ನು ಆಡಿಬಿಡುತ್ತೇವೆ. ಆದರೆ ಕನ್ನಡ ಬೈಬಲನ್ನು ಓದುವವರಿಗೆ ಇವೆರಡರ ಅಂತರ ಬೇಗನೆ ಹೊಳೆಯುತ್ತದೆ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಕೊನೆಯವರೆಗೂ ನಿಲ್ಲತಕ್ಕವು ಎಂದು ಮೂರನ್ನು ಹೆಸರಿಸುತ್ತಾನೆ. ನಂಬಿಕೆ ಒಂದು, ಪ್ರೀತಿ ಇನ್ನೊಂದು. ಇವೆರಡರ ನಡುವೆ ಇರುವುದು ನಿರೀಕ್ಷೆ. ಆಸೆಗೆ ಆ ಸಾಲಿನಲ್ಲಿ ಜಾಗವಿಲ್ಲ.

ಆಸೆ ‘ಬೇಕು’ ಎನ್ನುತ್ತದೆ. ನಿರೀಕ್ಷೆಯಾದರೋ ದಾರಿ ನೋಡುತ್ತದೆ. ಬರತಕ್ಕವರು ಬಂದೇ ಬರುತ್ತಾರೆಂದು ತಿಳಿದ ಮನೆಯವರು ಸುಮ್ಮನೆ ಕೂಡುವುದಿಲ್ಲ. ಅಂಗಳ ಗುಡಿಸುತ್ತಾರೆ, ಒಲೆ ಹೊತ್ತಿಸುತ್ತಾರೆ, ರಾತ್ರಿಯಾದರೆ ದೀಪವಿಡುತ್ತಾರೆ. ಕಾಯುವುದೂ ದುಡಿಯುವುದೂ ಅಲ್ಲಿ ಒಂದೇ ಆಗಿರುತ್ತದೆ. ಕ್ರೈಸ್ತ ವಿಶ್ವಾಸವು ದಿನನಿತ್ಯದ ಬಾಳಿಗೆ ಕೊಡುವುದೇನು ಎಂದು ಕೇಳಿದರೆ, ಈ ಬಗೆಯ ಕಾಯುವಿಕೆಯನ್ನು ಕೊಡುತ್ತದೆ ಎಂದು ಹೇಳಬಹುದು.

ಕಾಯುವುದೆಂದರೇನೆಂದು ರಾಯಚೂರು ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಹೊಳೆಗಳ ನಡುವೆ ಇದ್ದೂ ನೀರಿಗಾಗಿ ಬಾಯಿ ಬಿಟ್ಟ ನೆಲವಿದು. 1953ರಲ್ಲಿ ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟರು. ಎಡದಂಡೆಯ ಕಾಲುವೆ 200 ಕಿಲೋಮೀಟರಿಗೂ ಮಿಕ್ಕಿದ್ದು. ಅದರ ತಲೆಯ ಕಡೆಯ ಗದ್ದೆಗಳಲ್ಲಿ ಭತ್ತ ತೂಗುವಾಗಲೂ ಮಾನ್ವಿ, ರಾಯಚೂರು ತಾಲ್ಲೂಕುಗಳ ಕೊನೆಯ ಭಾಗದ ರೈತ ಒಣ ಕಾಲುವೆಯ ದಂಡೆಯ ಮೇಲೆ ನಿಂತು ದಾರಿ ನೋಡಬೇಕಾಗುತ್ತದೆ. ಇನ್ನು ದೇವದುರ್ಗವನ್ನು 2002ರ ನಂಜುಂಡಪ್ಪ ಸಮಿತಿಯ ವರದಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಸೇರಿಸಿತು. ಮಳೆ ಕೈಕೊಟ್ಟ ವರ್ಷ ಈ ಕಡೆಯ ಹಳ್ಳಿಗಳ ಮನೆಗಳಿಗೆ ಬೀಗ ಬೀಳುತ್ತದೆ. ಗಂಡಹೆಂಡಿರು ಕೂಸುಗಳನ್ನು ಕಟ್ಟಿಕೊಂಡು ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತಾರೆ. ಊರಲ್ಲಿ ಉಳಿದ ಮುದುಕಿಗೆ ಅವರು ಮರಳುವ ದಾರಿಯನ್ನು ನೋಡುವುದೇ ಒಂದು ಕೆಲಸ.

ಇಂಥ ನೆಲಕ್ಕೆ ಕ್ರಿಸ್ತನ ಮಾತು ನಿನ್ನೆ ಮೊನ್ನೆ ಬಂದುದಲ್ಲ. ಮುದಗಲ್ಲಿನ ಕಥೋಲಿಕ ಕುಟುಂಬಗಳ ಹಿರಿಯರು ಆದಿಲ್‌ಶಾಹಿಗಳ ಕಾಲದವರು. ತುಂಗಭದ್ರೆಯ ಆಚೆಗಿರುವ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಭಾಷಾಂತರಕ್ಕೆ ಕೈಹಚ್ಚಿದನು. 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿತ್ತು. 1871ರಲ್ಲಿ ಮುಂಬಯಿಯ ಮತ್ತು ಮದರಾಸಿನ ರೈಲು ಹಾದಿಗಳು ರಾಯಚೂರಿನಲ್ಲಿ ಕೂಡಿದವು. ಮುಂದೆ ಮೆಥೊಡಿಸ್ಟ್ ಸಭೆ ಈ ಕಡೆ ಬೇರೂರಿತು. 1949ರಲ್ಲಿ ಸ್ಥಾಪನೆಯಾದ ಬಳ್ಳಾರಿಯ ಕಥೋಲಿಕ ಧರ್ಮಪ್ರಾಂತ್ಯಕ್ಕೆ ರಾಯಚೂರು ಜಿಲ್ಲೆ ಸೇರಿದೆ. ಮಾನ್ವಿಯಲ್ಲಿ ಯೇಸು ಸಭೆಯ ಗುರುಗಳು ಲೊಯೋಲಾ ವಿದ್ಯಾಸಂಸ್ಥೆಯನ್ನು ನಡೆಸುತ್ತಿದ್ದಾರೆ. ಈ ಸಭೆಗಳಲ್ಲಿ ಭಾನುವಾರ ಕೂಡುವವರಲ್ಲಿ ಹಲವರು ಸ್ವಂತ ಹೊಲವಿಲ್ಲದವರು, ಕೂಲಿಯ ಮೇಲೆ ಬದುಕುವವರು. ಆದ್ದರಿಂದ ಅವರ ವಿಶ್ವಾಸದ ಪರೀಕ್ಷೆ ಪೀಠದ ಮುಂದೆ ಆಗುವುದಕ್ಕಿಂತ ಸೋಮವಾರ ಬೆಳಗ್ಗೆ ಒಲೆಯ ಮುಂದೆ ಆಗುತ್ತದೆ.

ಕ್ರಿಸ್ತನು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಚಿಕ್ಕದು. ಅದರ ನಡುವೆ ಊಟದ ಬೇಡಿಕೆ ಬರುತ್ತದೆ. ವರ್ಷಕ್ಕೆ ಸಾಕಾಗುವ ಕಣಜವನ್ನು ಅಲ್ಲಿ ಬೇಡಿಲ್ಲ. ಆ ಹೊತ್ತಿನ ಆಹಾರವನ್ನು ಬೇಡಿದೆ. ಹಗೇವು ತುಂಬಿದವನಿಗೆ ಈ ಬೇಡಿಕೆ ಬಾಯಿಪಾಠದ ಮಾತಾಗಬಹುದು. ಸಂಜೆಯ ಕೂಲಿಯಿಂದ ಜೋಳ ಕೊಂಡು ರೊಟ್ಟಿ ಬಡಿಯುವ ತಾಯಿಗೆ ಅದು ಲೆಕ್ಕ ಹಾಕಿ ಆಡಿದ ಮಾತು. ಇನ್ನೊಂದು ಸೂಕ್ಷ್ಮವೂ ಅಲ್ಲುಂಟು. ಈ ಪ್ರಾರ್ಥನೆಯಲ್ಲಿ ‘ನನಗೆ’ ಎಂಬುದಿಲ್ಲ, ‘ನಮಗೆ’ ಎಂದಿದೆ. ಹಾಗೆಂದ ಮೇಲೆ ಪಕ್ಕದ ಮನೆಯ ಒಲೆ ಹೊತ್ತದಿದ್ದರೆ ನನ್ನ ಪ್ರಾರ್ಥನೆ ಅರ್ಧಕ್ಕೆ ನಿಂತಂತೆಯೇ.

ಇದನ್ನೇ ಕ್ರಿಸ್ತನು ಒಂದು ಸಾಮ್ಯದಲ್ಲಿ ಬಿಡಿಸಿ ಹೇಳಿದ್ದಾನೆ. ಒಬ್ಬ ಒಡೆಯ ದ್ರಾಕ್ಷಿಯ ತೋಟಕ್ಕೆ ಆಳು ಹಚ್ಚಲು ನಸುಕಿನಲ್ಲೇ ಪೇಟೆಗೆ ಹೋದ. ಹೊತ್ತೇರಿದ ಮೇಲೂ ಹೋದ, ಮಧ್ಯಾಹ್ನವೂ ಹೋದ, ಹೊತ್ತು ಮುಳುಗಲು ಒಂದು ತಾಸು ಇದ್ದಾಗಲೂ ಹೋದ. ಆಗಲೂ ಅಲ್ಲಿ ಜನ ನಿಂತಿದ್ದರು. ಸುಮ್ಮನೇಕೆ ನಿಂತಿರಿ ಎಂದು ಕೇಳಿದರೆ, ತಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲವೆಂದರು. ಅವರನ್ನೂ ಕರೆದುಕೊಂಡ, ಸಂಜೆ ಎಲ್ಲರಿಗೂ ಒಂದು ದಿನದ ತುಂಬು ಕೂಲಿಯನ್ನೇ ಕೊಟ್ಟ. ಬೆಳಗಿನಿಂದ ಬಿಸಿಲಲ್ಲಿ ಬೆಂದವರು ಗೊಣಗಿದರು. ಅವರ ಗೊಣಗಾಟದಲ್ಲಿ ನ್ಯಾಯವಿಲ್ಲವೆಂದಲ್ಲ. ಆದರೆ ಒಡೆಯನ ಕಣ್ಣು ತಾಸಿನ ಲೆಕ್ಕದ ಮೇಲಿರಲಿಲ್ಲ. ಆ ರಾತ್ರಿ ಪ್ರತಿ ಮನೆಯಲ್ಲೂ ಏಳಬೇಕಾದ ಹೊಗೆಯ ಮೇಲಿತ್ತು. ಕೆಲಸಕ್ಕಾಗಿ ಬೆಳಗಿನಿಂದ ನಿಂತು, ಯಾರೂ ಕರೆಯದೆ ಬುತ್ತಿಗಂಟಿನೊಡನೆ ಮರಳಿದವನಿಗೆ ಈ ಕಥೆಯ ಅರ್ಥವನ್ನು ಬೋಧಕರು ಬಂದು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಮರೆಮಾಚಬಾರದು. ದೇವರು ನೋಡಿಕೊಳ್ಳುತ್ತಾನೆಂದು ಬಡವರಿಗೆ ಹೇಳಿದರೆ ಅವರು ಬಡತನವನ್ನೇ ಹಣೆಬರಹವೆಂದು ಒಪ್ಪಿಕೊಂಡಾರು ಎನ್ನುವವರುಂಟು. ಹಾಗೆ ಬೋಧಿಸಿದವರೂ ಇಲ್ಲದಿಲ್ಲ. ಎಲ್ಲರೂ ಒಂದೇ ರೊಟ್ಟಿಯಲ್ಲಿ ಪಾಲುಗಾರರೆಂದು ಸಾರುವ ದೇವಾಲಯಗಳೊಳಗೂ ಜಾತಿಯ ಗೆರೆ ನುಸುಳಿದ್ದು ಭಾರತದ ಕ್ರೈಸ್ತ ಸಭೆಯ ಚರಿತ್ರೆಯಲ್ಲಿ ನೋವಿನ ಸಂಗತಿ. ಆದರೆ ಹಣೆಬರಹವೇ ಬೇರೆ, ನಿರೀಕ್ಷೆಯೇ ಬೇರೆ. ಎಲ್ಲವೂ ಮೊದಲೇ ಬರೆದುಹೋಗಿದೆ ಎನ್ನುವವನಿಗೆ ದಾರಿ ನೋಡುವ ಕಾರಣವೇ ಇಲ್ಲ. ದೇವರ ರಾಜ್ಯ ಬರಲಿ ಎಂದು ದಿನವೂ ಬೇಡುವವನು, ಈಗಿರುವ ವ್ಯವಸ್ಥೆಯೇ ಕೊನೆಯದಲ್ಲವೆಂದು ದಿನವೂ ಹೇಳಿಕೊಳ್ಳುತ್ತಿರುತ್ತಾನೆ. ಮಗಳ ಕೈಗೆ ಕಳೆ ಕೀಳುವ ಕುರ್ಚಿಗೆಯನ್ನು ಕೊಡದೆ ಅವಳನ್ನು ಶಾಲೆಗೆ ಕಳಿಸುವ ಕೂಲಿಕಾರ ತಂದೆ ಆ ದಿನದ ಒಂದಿಷ್ಟು ಗಳಿಕೆಯನ್ನು ಬಿಟ್ಟಿರುತ್ತಾನೆ. ಅವನು ಬಿಟ್ಟ ಆ ಗಳಿಕೆಯೇ ಅವನ ನಿರೀಕ್ಷೆಯ ಬೆಲೆ.

ಈ ಮಾತು ಈ ಸೀಮೆಗೆ ಹೊರಗಿನದೆಂದು ತೋರಬೇಕಾಗಿಲ್ಲ. ಜಗನ್ನಾಥದಾಸರು ಬಾಳಿದ ಊರು ಮಾನ್ವಿ. ಗೋಪಾಲದಾಸರು ಹುಟ್ಟಿದ ಮೊಸರುಕಲ್ಲು ಇರುವುದು ದೇವದುರ್ಗ ತಾಲ್ಲೂಕಿನಲ್ಲಿ. ದೇವರ ಮುಂದೆ ತನ್ನನ್ನು ದಾಸನೆಂದು ಕರೆದುಕೊಂಡವನು ಮನುಷ್ಯರ ಮುಂದೆ ಕುಗ್ಗಬೇಕಾಗಿಲ್ಲವೆಂಬುದನ್ನು ಈ ನೆಲ ಬಲ್ಲದು. ಪೌಲನೂ ರೋಮಿನವರಿಗೆ ಬರೆದ ಪತ್ರವನ್ನು ತಾನು ಕ್ರಿಸ್ತನ ದಾಸನೆಂದು ಹೇಳಿಕೊಂಡೇ ತೊಡಗುತ್ತಾನೆ. ದಾರಿಗಳು ಬೇರೆ, ತತ್ತ್ವಗಳು ಬೇರೆ. ಆದರೂ ಆ ಒಂದು ಪದ ಇಲ್ಲಿಯ ಕಿವಿಗೆ ಹೊಸದಲ್ಲ.

ದುಃಖಕ್ಕೆ ವಿಶ್ವಾಸವು ಸುಲಭದ ಉತ್ತರ ಕೊಡುವುದಿಲ್ಲ. ಹರಕೆ ಹೊತ್ತ ಮನೆಯಲ್ಲೂ ಕೂಸು ಸಾಯುತ್ತದೆ. ಪ್ರಾರ್ಥಿಸಿದವನ ಹತ್ತಿಗೂ ಹುಳು ಬೀಳುತ್ತದೆ. 2020ರ ಏಪ್ರಿಲ್ 12ರಂದು, ಈಸ್ಟರ್ ಹಬ್ಬದ ದಿನವೇ, ಕೊರೋನಾ ಲಾಕ್‌ಡೌನಿನಿಂದಾಗಿ ದೇವಾಲಯಗಳು ಮುಚ್ಚಿದ್ದವು. ಗುಳೆ ಹೋದ ಎಷ್ಟೋ ಕೂಲಿಕಾರರು ಊರಿಗೆ ಮರಳಲಾಗದೆ ಪಟ್ಟಣಗಳಲ್ಲಿ ಸಿಕ್ಕಿಬಿದ್ದಿದ್ದರು. ಆ ಹಬ್ಬದ ಮೂಲಕಥೆಯೂ ಸಂಭ್ರಮದಿಂದ ತೊಡಗುವುದಿಲ್ಲ. ಶುಕ್ರವಾರ ಕ್ರಿಸ್ತನು ಶಿಲುಬೆಯ ಮೇಲೆ ಸತ್ತನು. ಶನಿವಾರ ಏನೂ ನಡೆಯಲಿಲ್ಲ. ಭಾನುವಾರ ನಸುಕಿನಲ್ಲಿ ಕೆಲವು ಹೆಂಗಸರು ಸುಗಂಧದ್ರವ್ಯ ಹಿಡಿದು ಸಮಾಧಿಯ ಕಡೆ ಹೊರಟರು. ಪವಾಡವನ್ನು ನೋಡಲು ಹೋದವರಲ್ಲ ಅವರು. ಸತ್ತವರಿಗೆ ಸಲ್ಲಬೇಕಾದ ಕಡೆಯ ಸೇವೆಯನ್ನು ಮಾಡಲು ಹೋದವರು. ಬಾಗಿಲಿಗೆ ದೊಡ್ಡ ಬಂಡೆ ಮುಚ್ಚಿದೆ, ಅದನ್ನು ಯಾರು ಸರಿಸಿಕೊಟ್ಟಾರು ಎಂಬ ಚಿಂತೆಯನ್ನು ದಾರಿಯುದ್ದಕ್ಕೂ ಆಡಿಕೊಂಡರು. ಉತ್ತರ ಸಿಕ್ಕಲಿಲ್ಲ, ಆದರೂ ಹಿಂದಿರುಗಲಿಲ್ಲ. ಅಲ್ಲಿಗೆ ಮುಟ್ಟಿದಾಗ ಬಂಡೆ ಸರಿದಿತ್ತು ಎಂದು ಸುವಾರ್ತೆ ಹೇಳುತ್ತದೆ.

ಬಂಡೆಗಳು ರಾಯಚೂರಿನವರಿಗೆ ಅಪರೂಪವಲ್ಲ. ಸಾಲ, ಬೇನೆ, ಒಣಗಿದ ಕಾಲುವೆ, ಬಾರದ ಮಗನ ಸುದ್ದಿ, ಒಂದೊಂದು ಮನೆಯ ಮುಂದೆ ಒಂದೊಂದಿದೆ. ಅದು ಸರಿದ ಮೇಲೆ ಹೊರಡೋಣವೆಂದು ಕುಳಿತರೆ ಹೊರಡುವುದೇ ಆಗಲಿಕ್ಕಿಲ್ಲ. ಆ ಹೆಂಗಸರಂತೆ ಈ ದಿನದ ಕೆಲಸವನ್ನು ಕೈಯಲ್ಲಿ ಹಿಡಿದು, ಜೊತೆಗಿದ್ದವರೊಡನೆ ಮಾತಾಡುತ್ತ ನಡೆಯುವುದು ನಮ್ಮಿಂದಾಗತಕ್ಕದ್ದು. ಬಂಡೆಯ ವಿಚಾರವನ್ನು ದೇವರಿಗೆ ಬಿಡಬಹುದು.